ಪ್ಯಾನೆಲ್ ಮೇಲಿನ ಮೂರು ಗೀರು

ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಅವು ಕಾಣುತ್ತವೆ. ನಮ್ಮ ತಾರಸಿಯಲ್ಲಿ, ಹಿಂದಿನ ಸಾಲಿನ ಎಡಗಡೆಯ ಕೊನೆಯ ಸೋಲಾರ್ ಪ್ಯಾನೆಲ್‌ನಲ್ಲಿ, ಮಧ್ಯಕ್ಕಿಂತ ಸ್ವಲ್ಪ ಕೆಳಗೆ, ಮೂರು ಗೀರು. ನೆಟ್ಟಗಿಲ್ಲ, ಬಿಲ್ಲಿನ ಹಾಗೆ ಬಾಗಿವೆ. ಮೊಣಕಾಲೂರಿ ಕೂತು, ಭುಜ ಅಲ್ಲಾಡಿಸದೆ ಕೈ ಮಾತ್ರ ಬೀಸಿದರೆ ಬರುವ ಬಾಗು ಅದು. ಬೇರೆ ಯಾರ ಮೇಲಾದರೂ ಹಾಕೋಣ ಅಂದರೆ ಆಗುವುದಿಲ್ಲ. ನನ್ನದೇ ಕೈಯಳತೆ.

ಸೋಲಾರ್ ಹಾಕಿಸಿ ನಾಲ್ಕೈದು ತಿಂಗಳಾಗಿತ್ತು. ಅಷ್ಟು ದಿನದಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ. ಒಂದು ಮಧ್ಯಾಹ್ನ ಏಣಿ ಹತ್ತಿ ತಾರಸಿಗೆ ಹೋಗಿ ನೋಡಿದೆ. ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು, ಅಷ್ಟು ಧೂಳು. ಒಂದೆರಡು ಕಡೆ ಹಕ್ಕಿ ಹಿಕ್ಕೆ ಒಣಗಿ ಸುಣ್ಣದ ಹಾಗೆ ಗಟ್ಟಿಯಾಗಿ ಕೂತಿತ್ತು. ಇಷ್ಟು ದುಡ್ಡು ಕೊಟ್ಟು ಹಾಕಿಸಿದ್ದು ಹೀಗೆ ಗಲೀಜಾಗಿ ಬಿದ್ದಿದೆಯಲ್ಲ ಅಂತ ಒಂಥರಾ ನಾಚಿಕೆಯೇ ಆಯಿತು. ಕೆಳಗಿಳಿದು ಅಡುಗೆಮನೆಯಿಂದ ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ತಂದೆ. ನೀರು ಹೊತ್ತು ತರುವ ಸೋಮಾರಿತನಕ್ಕೆ ಒಣಗಿದ್ದ ಹಾಗೇ ಶುರು ಮಾಡಿದೆ.

ಕರಕರ ಅಂತ ಸದ್ದು ಬಂತು. ಕೊಳೆ ಬಿಡುವ ಸದ್ದು ಅಂದುಕೊಂಡು ಇನ್ನೂ ಸ್ವಲ್ಪ ಒತ್ತಿದೆ.

ಆ ಸದ್ದು ಏನು ಅಂತ ಆಮೇಲೆ ಗೊತ್ತಾಯಿತು. ಧೂಳು ಅಂದರೆ ಬರೀ ಮಣ್ಣಲ್ಲ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಳಿನ ಚೂರುಗಳಿರುತ್ತವೆ. ಮರಳಿನಲ್ಲಿ ಹೆಚ್ಚಾಗಿ ಇರುವುದು ಕ್ವಾರ್ಟ್ಜ್. ಗಟ್ಟಿತನ ಅಳೆಯುವ ಮೋಸ್ ಅಳತೆಯಲ್ಲಿ ಕ್ವಾರ್ಟ್ಜ್ 7, ಗಾಜು ಐದೂವರೆಯಿಂದ ಆರರ ಆಸುಪಾಸು. ಅಂದರೆ ಮರಳು ಗಾಜನ್ನು ಕೆರೆಯುತ್ತದೆ, ಗಾಜು ಮರಳನ್ನು ಏನೂ ಮಾಡಲಾರದು. ಒಣ ಧೂಳಿನ ಮೇಲೆ ಬಟ್ಟೆ ಒತ್ತಿ ಎಳೆದರೆ ಮರಳು ಕಾಗದದಲ್ಲಿ ಉಜ್ಜಿದ ಹಾಗೇ. ನನ್ನ ಕೈಯಲ್ಲಿದ್ದದ್ದು ಬಟ್ಟೆಯೂ ಅಲ್ಲ, ಅದಕ್ಕಿಂತ ಒರಟು ಸ್ಕ್ರಬ್ಬರ್.

ಅಪ್ಪ ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸುವುದನ್ನು ನೋಡಿ ಅಮ್ಮ ಎಷ್ಟು ಸಲ ಬೈದಿದ್ದಾರೋ. "ನೀರಲ್ಲಿ ಅದ್ದಿ ಒರೆಸಿ ಅಂದರೆ ಕೇಳಲ್ಲ, ವರ್ಷಕ್ಕೊಂದು ಕನ್ನಡಕ ಬೇಕು." ನಾನು ಅದನ್ನೆಲ್ಲ ಕೇಳಿಕೊಂಡೇ ಬೆಳೆದವನು. ಆದರೆ ತಾರಸಿಯಲ್ಲಿ ಮಲಗಿರುವುದೂ ಒಂದು ಕನ್ನಡಕವೇ ಅಂತ ಆ ಮಧ್ಯಾಹ್ನ ಹೊಳೆಯಲಿಲ್ಲ.

ಗಾಜು ಗೀರಿದರೆ ಬರೀ ಅಂದ ಹೋಯಿತು ಅಂತ ಬಿಡಬಹುದಿತ್ತು. ಆ ಗಾಜಿನ ಮೇಲೆ ಇನ್ನೊಂದು ಇರುತ್ತದೆ. ಸಾಮಾನ್ಯ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನು ಹೊರಗಿನ ಮೈಯಿಂದಲೇ ವಾಪಸ್ ಕಳಿಸಿಬಿಡುತ್ತದೆ. ಅದನ್ನು ತಗ್ಗಿಸಲು ಈಗಿನ ಹೆಚ್ಚಿನ ಪ್ಯಾನೆಲ್‌ಗಳಲ್ಲಿ ಗಾಜಿನ ಮೇಲೆ ಸಿಲಿಕಾದ ತೀರಾ ತೆಳುವಾದ ಲೇಪನ ಕೊಟ್ಟಿರುತ್ತಾರೆ. ಅದರ ದಪ್ಪ ನೂರು ಚಿಲ್ಲರೆ ನ್ಯಾನೋಮೀಟರ್, ಅಂದರೆ ತಲೆಕೂದಲಿನ ದಪ್ಪದಲ್ಲಿ ಸುಮಾರು ಐನೂರನೇ ಒಂದು ಪಾಲು. ಇದರಿಂದ ನೂರಕ್ಕೆ ಎರಡು ಮೂರು ಪಾಲು ಬೆಳಕು ಜಾಸ್ತಿ ಒಳಗೆ ಹೋಗುತ್ತದೆ. ನಾನು ಸ್ಕ್ರಬ್ಬರ್ ಹಿಡಿದು ಹೊರಟಿದ್ದು ಧೂಳು ತಿಂದ ನಾಲ್ಕಾರು ಪಾಲು ಬೆಳಕನ್ನು ವಾಪಸ್ ತರೋಣ ಅಂತ. ಧೂಳು ಒಂದು ಮಳೆಗೆ ತಾನೇ ಹೋಗುತ್ತಿತ್ತು. ಕಿತ್ತುಹೋದ ಲೇಪನ ಮತ್ತೆ ಬರುವುದಿಲ್ಲ.

ಪುಣ್ಯಕ್ಕೆ ಮೂರು ಸಲ ಕೈ ಬೀಸಿದ ಮೇಲೆ ಫೋನ್ ಬಂತು, ಕೆಳಗೆ ಹೋದೆ.

ಈಗ ಮಾಡುವ ಕೆಲಸ ನೋಡಿದರೆ ಯಾರಿಗಾದರೂ ಬೇಜಾರಾಗುತ್ತದೆ, ಅಷ್ಟು ನಿಧಾನ. ಮೊದಲು ನೀರು. ಪೈಪಿನಿಂದ ಮೇಲ್ಗಡೆಯ ಅಂಚಿಗೆ ಮೆಲ್ಲಗೆ ಬಿಟ್ಟರೆ ಸಾಕು, ಸಡಿಲ ಮಣ್ಣು ತಾನೇ ಇಳಿದು ಹೋಗುತ್ತದೆ. ಕೆಂಪು ನೀರು ಕೆಳಗಿನ ಫ್ರೇಮಿನ ಮೇಲಿಂದ ಸುರಿಯುವುದು ನಿಂತು ತಿಳಿಯಾಗುವ ತನಕ ಕೈ ಹಾಕುವುದೇ ಇಲ್ಲ. ಆಮೇಲೆ ಮೆತ್ತನೆ ಸ್ಪಂಜು ಅಥವಾ ಕಾರು ತೊಳೆಯುವಂಥ ಮೃದು ಕೂದಲಿನ ಬ್ರಷ್. ಅದನ್ನು ಒತ್ತುವುದಿಲ್ಲ, ಅದರ ಭಾರದಲ್ಲೇ ಎಳೆಯುತ್ತೇನೆ. ಪ್ರತಿ ಪ್ಯಾನೆಲ್ ಆದ ಮೇಲೆ ಸ್ಪಂಜನ್ನು ಬಕೆಟ್‌ನಲ್ಲಿ ಹಿಂಡುತ್ತೇನೆ. ಇಲ್ಲದಿದ್ದರೆ ಮೊದಲ ಪ್ಯಾನೆಲ್‌ನ ಮರಳೇ ಎರಡನೆಯದಕ್ಕೆ ಸ್ಕ್ರಬ್ಬರ್ ಆಗುತ್ತದೆ. ಕೊನೆಗೆ ಇನ್ನೊಂದು ಸಲ ನೀರು.

ಸೋಪು ಹಾಕುವುದಿಲ್ಲ. ಜಿಡ್ಡು ಹೊಗೆ ಕೂರುವ ಜಾಗವಾದರೆ ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಮೃದು ಲಿಕ್ವಿಡ್ ಎರಡು ಮೂರು ಹನಿ ಹಾಕಬಹುದು. ಆದರೆ ಅದು ಪೂರ್ತಿ ಹೋಗುವ ಹಾಗೆ ತೊಳೆಯಬೇಕು. ಉಳಿದ ಸೋಪು ಒಣಗಿ ಅಂಟು ಪದರವಾಗುತ್ತದೆ, ಮುಂದಿನ ಧೂಳಿಗೆ ಅದೇ ಹಾಸಿಗೆ. ಬಚ್ಚಲು ತೊಳೆಯುವ ಆಸಿಡ್, ಥಿನ್ನರ್, ಬಟ್ಟೆ ಸೋಪಿನ ಪುಡಿ ಇವನ್ನೆಲ್ಲ ಏಣಿ ಹತ್ತಿಸಲೇಬೇಡಿ. ಗಾಜು ತಡೆದುಕೊಂಡರೂ ಲೇಪನ, ಅಲ್ಯೂಮಿನಿಯಂ ಫ್ರೇಮು, ಅಂಚಿನ ಸೀಲು ತಡೆಯಬೇಕಲ್ಲ.

ಹಕ್ಕಿ ಹಿಕ್ಕೆಯ ಕತೆ ಬೇರೆ. ಅದನ್ನು ತೆಗೆಯುವುದರಲ್ಲಿ ನನಗೆ ಈಗ ಒಂಥರಾ ಖುಷಿಯೇ ಇದೆ. ಹಳೇ ಹತ್ತಿ ಬಟ್ಟೆಯ ತುಂಡುಗಳನ್ನು ನೀರಲ್ಲಿ ಅದ್ದಿ, ಹಿಂಡದೆ, ಒಂದೊಂದು ಹಿಕ್ಕೆಯ ಮೇಲೂ ಒಂದೊಂದು ಹಾಸುತ್ತೇನೆ. ಜ್ವರ ಬಂದವರ ಹಣೆಗೆ ಪಟ್ಟಿ ಹಾಕಿದ ಹಾಗೆ. ಹತ್ತು ಹದಿನೈದು ನಿಮಿಷ ಬೇರೆ ಕೆಲಸ. ವಾಪಸ್ ಬಂದು ಬಟ್ಟೆಯ ಒಂದು ತುದಿ ಹಿಡಿದು ಎತ್ತಿದರೆ, ಅಂಚು ಮೊದಲು ಬಿಳಿಯಿಂದ ಬೂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿರುತ್ತದೆ. ಮಧ್ಯದ ಗಟ್ಟಿ ಭಾಗ ಇನ್ನೂ ಹಿಡಿದಿದ್ದರೆ ಮತ್ತೆ ಮುಚ್ಚುತ್ತೇನೆ. ಎರಡನೇ ಸಲಕ್ಕೆ ಮಾಗಿದ ಗಾಯದ ಹೊಪ್ಪಳೆ ಬಿಟ್ಟ ಹಾಗೆ ಇಡಿಯಾಗಿ ಬಟ್ಟೆಗೆ ಅಂಟಿ ಬರುತ್ತದೆ. ಉಗುರೂ ಬೇಡ, ಬ್ಲೇಡೂ ಬೇಡ. ಬ್ಲೇಡಿನಿಂದ ಎಬ್ಬಿಸುವವರನ್ನು ನೋಡಿದ್ದೇನೆ, ಮೈ ಜುಮ್ಮೆನ್ನುತ್ತದೆ.

ಈ ಹಿಕ್ಕೆಗೆ ಇಷ್ಟು ಉಪಚಾರ ಯಾಕೆ ಅಂದರೆ, ತೆಳ್ಳಗೆ ಹರಡಿದ ಧೂಳಿಗಿಂತ ಅಂಗೈಯಗಲದ ಒಂದು ಹಿಕ್ಕೆ ಮಾಡುವ ತೊಂದರೆ ಜಾಸ್ತಿ. ಪ್ಯಾನೆಲ್ ಒಳಗೆ ಬೆಳಕನ್ನು ಕರೆಂಟಾಗಿಸುವ ಸಿಲಿಕಾನ್ ಸೆಲ್‌ಗಳನ್ನು ಒಂದರ ಬೆನ್ನಿಗೊಂದು ಸರಪಳಿಯ ಹಾಗೆ ಜೋಡಿಸಿರುತ್ತಾರೆ. ಹಳೇ ನಮೂನೆಯಲ್ಲಿ 60 ಅಥವಾ 72 ಸೆಲ್. ಎಲ್ಲದರಲ್ಲೂ ಹರಿಯುವುದು ಒಂದೇ ಕರೆಂಟು. ಒಂದು ಸೆಲ್ ಮುಚ್ಚಿಹೋದರೆ ಅದು ಬರೀ ಸುಮ್ನೆ ಕೂರುವುದಿಲ್ಲ, ಉಳಿದವರು ದುಡಿದದ್ದನ್ನು ತಿನ್ನಲು ಶುರು ಮಾಡುತ್ತದೆ. ತಿಂದದ್ದೆಲ್ಲ ಶಾಖವಾಗುತ್ತದೆ. ಇದಕ್ಕೇ ಹಾಟ್‌ಸ್ಪಾಟ್ ಅನ್ನುವುದು. ಹಾನಿ ತಪ್ಪಿಸಲು ಪ್ಯಾನೆಲ್‌ಗೆ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇರುತ್ತವೆ. ಮುಚ್ಚಿಹೋದ ಸೆಲ್ ಇರುವ ಭಾಗವನ್ನು ಬಿಟ್ಟು ಅವು ಕರೆಂಟಿಗೆ ಬೇರೆ ದಾರಿ ಮಾಡಿಕೊಡುತ್ತವೆ. ಹಾಗಾದಾಗ ಪ್ಯಾನೆಲ್‌ನ ಮೂರನೇ ಒಂದು ಭಾಗ ಲೆಕ್ಕದಿಂದಲೇ ಹೊರಗೆ. ತಿಂಗಳುಗಟ್ಟಲೆ ಹೀಗೇ ಬಿಟ್ಟರೆ ಆ ಜಾಗದ ಸೆಲ್ ಕಂದುಬಣ್ಣಕ್ಕೆ ತಿರುಗಬಹುದು, ಹಿಂದಿನ ಶೀಟು ಸುಡಬಹುದು. ಹಾಗಾಗಿ ಧೂಳಿಗೆ ನಾನು ಅವಸರ ಮಾಡುವುದಿಲ್ಲ. ದೊಡ್ಡ ಹಿಕ್ಕೆಗೆ, ಅಂಟಿಕೊಂಡ ಎಲೆಗೆ ಕಾಯುವುದಿಲ್ಲ.

ನೀರು ಅಂದೆನಲ್ಲ, ಅಲ್ಲೂ ಒಂದು ಪಾಠ ಕಲಿತಿದ್ದೇನೆ. ಸ್ಕ್ರಬ್ಬರ್ ಬಿಟ್ಟ ಮೇಲೆ ಟ್ಯಾಂಕಿನ ನೀರಲ್ಲಿ ತೊಳೆದು, ಬಿಸಿಲಿಗೆ ತಾನೇ ಒಣಗಲಿ ಅಂತ ಬಿಟ್ಟಿದ್ದೆ. ಮಾರನೇ ದಿನ ಗಾಜಿನ ತುಂಬ ಬಿಳಿ ಉಂಗುರಗಳು. ನಮ್ಮದು ಗಡಸು ನೀರು. ಸ್ನಾನದ ಮನೆಯ ನಲ್ಲಿಯ ಮೇಲೆ, ಬಿಸಿನೀರಿನ ಬಾಯ್ಲರ್ ಒಳಗೆ ಕಟ್ಟುವ ಅದೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪು. ಹನಿ ಒಣಗುವಾಗ ನೀರು ಹೋಗುತ್ತದೆ, ಉಪ್ಪು ಅಂಚಿಗೆ ಸರಿದು ಉಂಗುರವಾಗಿ ಕೂರುತ್ತದೆ. ಒಂದು ಸಲಕ್ಕೆ ಏನೂ ಅನ್ನಿಸದು. ಪ್ರತಿ ಸಲವೂ ಅದರ ಮೇಲೆ ಇನ್ನೊಂದು ಪದರ ಬಿದ್ದರೆ ಧೂಳಿಗಿಂತ ಕಷ್ಟದ ಕೊಳೆ ನಾವೇ ಬಳಿದ ಹಾಗೆ. ಮಳೆಗೂ ಅದು ಜಗ್ಗುವುದಿಲ್ಲ.

ಹಾಗಾಗಿ ಹಿಡಿದಿಟ್ಟ ಮಳೆ ನೀರು ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಇಲ್ಲದಿದ್ದರೆ ಮೊದಲ ತೊಳೆತ ಯಾವ ನೀರಲ್ಲಾದರೂ ಮಾಡಿ, ಕೊನೆಯದನ್ನು ಮೆದು ನೀರಲ್ಲಿ ಮುಗಿಸಬೇಕು. ಅದೂ ಇಲ್ಲವಾದರೆ ನೀರು ಒಣಗಲು ಬಿಡದೆ ರಬ್ಬರ್ ವೈಪರ್‌ನಿಂದ ಮೇಲಿಂದ ಕೆಳಕ್ಕೆ ಎಳೆದುಬಿಡಬೇಕು. ಒಂದು ಮಾತು ಇಲ್ಲಿ ಹೇಳಲೇಬೇಕು. ಆರ್‌ಓ ಫಿಲ್ಟರ್‌ನಿಂದ ಹೊರಬೀಳುವ ವೇಸ್ಟ್ ನೀರನ್ನು ಬಕೆಟ್‌ನಲ್ಲಿ ಹಿಡಿದಿಟ್ಟು ಪ್ಯಾನೆಲ್ ತೊಳೆಯುವವರಿದ್ದಾರೆ. ನೀರು ಉಳಿಸುವ ಮನಸ್ಸು ಒಳ್ಳೆಯದೇ. ಆದರೆ ಫಿಲ್ಟರ್ ತೆಗೆದ ಉಪ್ಪೆಲ್ಲ ಸೇರಿರುವುದು ಆ ನೀರಲ್ಲೇ ಅಲ್ವಾ? ಅದರಲ್ಲಿ ನೆಲ ಒರೆಸಿ, ಪ್ಯಾನೆಲ್ ಬೇಡ.

ಹೊತ್ತು ಯಾವುದು ಅನ್ನುವುದು ಮುಂದಿನದು. ಸುಡು ಬಿಸಿಲಲ್ಲಿ ಪ್ಯಾನೆಲ್ 60, 70 ಡಿಗ್ರಿವರೆಗೂ ಕಾಯುತ್ತದೆ. ಮೇಲಿನ ಗಾಜು ಟೆಂಪರ್ಡ್ (ಕಾಯಿಸಿ ಗಟ್ಟಿ ಮಾಡಿದ್ದು), ಹಲವು ಪ್ಯಾನೆಲ್‌ಗಳಲ್ಲಿ 3.2 ಮಿಲಿಮೀಟರ್ ದಪ್ಪ. ಕಾದಾಗ ಮಳೆ ಬಿದ್ದರೂ ತಡೆದುಕೊಳ್ಳುವ ಜಾತಿಯದು. ಆದರೂ ಅಂಚಿನಲ್ಲಿ ಎಲ್ಲೋ ಕಣ್ಣಿಗೆ ಕಾಣದ ಚೆಕ್ಕೆ ಎದ್ದಿದ್ದರೆ, ಕಾದ ಗಾಜಿಗೆ ತಣ್ಣೀರು ಬಿದ್ದಾಗ ಅಲ್ಲಿಂದಲೇ ಸೀಳಬಹುದು. ಅದಕ್ಕೇ ತಯಾರಕರ ಕೈಪಿಡಿಗಳು ಪ್ಯಾನೆಲ್ ತಣ್ಣಗಿರುವಾಗ ತೊಳೆಯಿರಿ ಅನ್ನುತ್ತವೆ. ನನಗೆ ಅದಕ್ಕಿಂತ ಹತ್ತಿರದ ಕಾರಣ ಎಂದರೆ ಮಧ್ಯಾಹ್ನ ನೀರು ಹಾಕಿದ ಕೂಡಲೇ ಆರಿಹೋಗುತ್ತದೆ, ವೈಪರ್ ಎತ್ತುವಷ್ಟರಲ್ಲಿ ಉಂಗುರಗಳು ಮೂಡಿರುತ್ತವೆ.

ನನ್ನ ಹೊತ್ತು ಬೆಳಗಿನ ಜಾವ, ಇಬ್ಬನಿ ಬಿದ್ದ ದಿನ. ರಾತ್ರಿ ತೆರೆದ ಆಕಾಶದ ಕೆಳಗೆ ಪ್ಯಾನೆಲ್ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹಾಗಾಗಿ ಅದರ ಮೇಲೆ ಇಬ್ಬನಿ ಬೇಗ ಕೂರುತ್ತದೆ. ಬಿಸಿಲೇರುವ ಮೊದಲು ಹೋದರೆ ಧೂಳೆಲ್ಲ ನೆನೆದು ಸಡಿಲವಾಗಿರುತ್ತದೆ, ನೀರು ಅರ್ಧದಷ್ಟು ಸಾಕು. ಇದೇ ಇಬ್ಬನಿಯನ್ನು ಒಣಗಲು ಬಿಟ್ಟರೆ ಧೂಳಿನಲ್ಲಿರುವ ಉಪ್ಪು ಕರಗಿ, ಜೇಡಿ ನೆನೆದು, ಮತ್ತೆ ಗಟ್ಟಿಯಾಗಿ ಗಾರೆಯ ಹಾಗೆ ಹಿಡಿಯುತ್ತದೆ. ಒಣ ಪ್ರದೇಶಗಳಲ್ಲಿ ಧೂಳು ಊದಿದರೂ ಹೋಗದೆ ಕೂರುವುದಕ್ಕೆ ಇದೂ ಒಂದು ಕಾರಣ.

ಬೆಳಗಿನ ಜಾವ ಅಂದ ಕೂಡಲೇ ಆಗ ಕರೆಂಟು ಇರುವುದಿಲ್ಲ ಅಂದುಕೊಳ್ಳುವವರಿದ್ದಾರೆ. ಇದು ತಪ್ಪು, ಅಪಾಯದ ತಪ್ಪು. ಬೆಳಕು ಸ್ವಲ್ಪ ಮೂಡಿದರೂ ಪ್ಯಾನೆಲ್‌ನ ವೋಲ್ಟೇಜ್ ಬಹುಪಾಲು ಎದ್ದು ನಿಂತುಬಿಡುತ್ತದೆ. ಬಿಸಿಲಿನ ಜೊತೆ ಏರುವುದು ಮುಖ್ಯವಾಗಿ ಆಂಪ್ಸ್, ಅಂದರೆ ಹರಿಯುವ ಕರೆಂಟಿನ ಅಳತೆ. ನಮ್ಮದು ಸಾಲಿಗೆ ಆರರಂತೆ ಎರಡು ಸಾಲು. ಒಂದೊಂದು ಪ್ಯಾನೆಲ್ 40 ವೋಲ್ಟ್ ಅಂದರೂ ಒಂದು ಸಾಲಿಗೆ 240 ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ದೊಡ್ಡ ಘಟಕಗಳಲ್ಲಿ ಇದು 1000, 1500 ವೋಲ್ಟ್‌ವರೆಗೂ ಹೋಗುತ್ತದೆ. ತೊಳೆಯುವ ಮೊದಲು ಕೈಪಿಡಿಯಲ್ಲಿರುವ ಕ್ರಮದಂತೆ ಇನ್ವರ್ಟರ್ (ಡಿಸಿಯನ್ನು ಮನೆಯ ಎಸಿ ಆಗಿಸುವ ಪೆಟ್ಟಿಗೆ) ಆಫ್ ಮಾಡಿ, ಪ್ಯಾನೆಲ್ ಕಡೆಯ ತಂತಿಯನ್ನು ಬೇರ್ಪಡಿಸುವ ಸ್ವಿಚ್ಚು ಡಿಸಿ ಐಸೊಲೇಟರ್ ಇಳಿಸುತ್ತೇನೆ. ಆದರೆ ಅದರಿಂದ ಪ್ಯಾನೆಲ್ ಆಫ್ ಆಗುವುದಿಲ್ಲ. ಬೆಳಕಿರುವ ತನಕ ಅದಕ್ಕೆ ಸ್ವಿಚ್ಚೇ ಇಲ್ಲ.

ಆದ್ದರಿಂದ ಪೈಪು ಎತ್ತುವ ಮೊದಲು ಒಂದು ಸುತ್ತು ಬರೀ ಕಣ್ಣಲ್ಲಿ ನೋಡುತ್ತೇನೆ. ಗಾಜು ಒಡೆದಿದೆಯಾ, ವೈರಿನ ಸಿಪ್ಪೆ ಹೋಗಿದೆಯಾ, ಇಲಿ ಅಳಿಲು ಕಡಿದಿದೆಯಾ, ಫ್ರೇಮಿನ ಕೆಳಗೆ ಕಣಜ ಗೂಡು ಕಟ್ಟಿದೆಯಾ. ಗಾಜು ಒಡೆದ ಪ್ಯಾನೆಲ್ ಇದ್ದರೆ ಅಲ್ಲಿಗೆ ಕೆಲಸ ನಿಲ್ಲಬೇಕು. ಬಿರುಕಿನಿಂದ ನೀರು ಒಳಗಿಳಿದರೆ ಫ್ರೇಮಿಗೂ ಕರೆಂಟು ಬರಬಹುದು. ಅದನ್ನು ಮುಟ್ಟದೆ ಇಳಿದು ಬಂದು ಎಲೆಕ್ಟ್ರಿಷಿಯನ್ ಕರೆಸುವುದೇ ಸರಿ. ಪ್ಯಾನೆಲ್‌ನ ಅಡಿಭಾಗಕ್ಕೆ ನೀರು ಬಿಡುವುದಿಲ್ಲ. ಜಂಕ್ಷನ್ ಬಾಕ್ಸು, ಕನೆಕ್ಟರ್‌ಗಳು ಅಲ್ಲೇ ಇರುವುದು. ಸಡಿಲ ಕಂಡಿತು ಅಂತ ಕನೆಕ್ಟರನ್ನು ಎಳೆದು ಮತ್ತೆ ಚುಚ್ಚುವ ಕೆಲಸವಂತೂ ಬೇಡವೇ ಬೇಡ. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುತ್ತದೆ, ಕಿಡಿ ಹೊತ್ತಿದರೂ ಆರಲು ಅವಕಾಶ ಸಿಗುತ್ತದೆ. ಡಿಸಿಗೆ ಆ ಬಿಡುವಿಲ್ಲ. ಕರೆಂಟು ಹರಿಯುತ್ತಿರುವಾಗ ಎಳೆದರೆ ಕಿಡಿ ಆರದೆ ಉರಿಯುತ್ತಲೇ ಇರಬಹುದು.

ಒಂದು ಸಲ ಕೆಲಸ ಬೇರೆಯವರಿಗೆ ಕೊಟ್ಟು ನೋಡೋಣ ಅಂತ ತೊಳೆಯುವವರನ್ನು ಕರೆಸಿದ್ದೆ. ಬಂದ ಹುಡುಗ ಪ್ರೆಶರ್ ವಾಷರ್ ಹೊತ್ತು ತಂದಿದ್ದ. ನಾನು ಏಣಿ ಹತ್ತುವಷ್ಟರಲ್ಲಿ ಅವನು ಮುಂದಿನ ಸಾಲಿನ ಪ್ಯಾನೆಲ್ ಮೇಲೆಯೇ ನಿಂತು ಹಿಂದಿನ ಸಾಲಿಗೆ ನೀರು ಹೊಡೆಯುತ್ತಿದ್ದ.

"ಇಳಿಯಪ್ಪಾ ಇಳಿ, ಅದರ ಮೇಲೆ ನಿಲ್ಲಬಾರದು."

"ಏನೂ ಆಗಲ್ಲ ಸಾರ್, ಇದು ಗಟ್ಟಿ ಗಾಜು. ನೋಡಿ." ಅಂದವನೇ ಹಿಮ್ಮಡಿಯಿಂದ ಎರಡು ಸಲ ಕುಟ್ಟಿ ತೋರಿಸಿದ.

ಅವನು ಹೇಳಿದ್ದು ಅರ್ಧ ನಿಜ. ಗಾಜಿಗೆ ಏನೂ ಆಗಲಿಲ್ಲ. ಗಾಜಿನ ಕೆಳಗಿರುವ ಸಿಲಿಕಾನ್ ಸೆಲ್‌ನ ದಪ್ಪ ಒಂದು ಮಿಲಿಮೀಟರ್‌ನ ಐದನೇ ಒಂದು ಭಾಗವೂ ಇಲ್ಲ, ಹಪ್ಪಳದ ಹಾಗೆ ಮುರಿಯುವ ವಸ್ತು. ಗಾಜು ಬಾಗಿ ಮತ್ತೆ ನೆಟ್ಟಗಾಗುತ್ತದೆ, ಜೊತೆಗೆ ಬಾಗಿದ ಸೆಲ್‌ನಲ್ಲಿ ಕೂದಲೆಳೆಯ ಬಿರುಕು ಉಳಿಯುತ್ತದೆ. ಹಿಮ, ಗಾಳಿ ತಡೆಯಬೇಕು ಅಂತ ಹಲವು ಪ್ಯಾನೆಲ್‌ಗಳನ್ನು 5400 ಪಾಸ್ಕಲ್ ಒತ್ತಡಕ್ಕೆ ಪರೀಕ್ಷೆ ಮಾಡಿರುತ್ತಾರೆ. ಚದರ ಮೀಟರಿಗೆ ಸುಮಾರು 550 ಕೆಜಿ. ಕೇಳಲು ದೊಡ್ಡದು. ಆದರೆ ಅದು ಇಡೀ ಮೈಗೆ ಹರಡಿದ ಭಾರ. 70 ಕೆಜಿ ಮನುಷ್ಯನ ಭಾರ ಒಂದು ಹಿಮ್ಮಡಿಯ ಜಾಗಕ್ಕೆ ಬಿದ್ದಾಗ ಅಲ್ಲಿನ ಒತ್ತಡ ಅದರ ಇಪ್ಪತ್ತು ಪಟ್ಟಿಗೂ ಜಾಸ್ತಿ. ಆ ಬಿರುಕು ಬರಿಗಣ್ಣಿಗೆ ಕಾಣುವುದಿಲ್ಲ. ಕತ್ತಲಲ್ಲಿ ಪ್ಯಾನೆಲ್‌ಗೆ ಹೊರಗಿನಿಂದ ಕರೆಂಟು ಕೊಟ್ಟು, ವಿಶೇಷ ಕ್ಯಾಮೆರಾದಲ್ಲಿ ಫೋಟೋ ತೆಗೆದರೆ ಸೆಲ್‌ಗಳು ಹೊಳೆಯುತ್ತವೆ, ಒಡೆದ ಭಾಗ ಕಪ್ಪಾಗಿ ಉಳಿಯುತ್ತದೆ. ಇಲೆಕ್ಟ್ರೊಲ್ಯುಮಿನೆಸೆನ್ಸ್ ಪರೀಕ್ಷೆ ಅನ್ನುತ್ತಾರೆ. ಬಿಸಿಲು ರಾತ್ರಿ, ಬಿಸಿಲು ರಾತ್ರಿ ಅಂತ ಹಿಗ್ಗಿ ಕುಗ್ಗಿ ಬಿರುಕು ಬೆಳೆಯುತ್ತಾ ಹೋದರೆ ವರ್ಷಗಳ ಮೇಲೆ ಉತ್ಪಾದನೆಯಲ್ಲಿ ಗೊತ್ತಾಗುತ್ತದೆ. ಅಷ್ಟೊತ್ತಿಗೆ ಆ ಹುಡುಗ ಎಲ್ಲೋ, ನಾನೆಲ್ಲೋ.

ಪ್ರೆಶರ್ ವಾಷರ್ ಬಗ್ಗೆಯೂ ಇದೇ. ಮೇಲಿಂದ ಬೀಳುವ ಮಳೆಗೆ ಪ್ಯಾನೆಲ್ ತಯಾರಾಗಿ ಬಂದಿರುತ್ತದೆ. ಒಂದು ಗೇಣು ದೂರದಿಂದ ಅಂಚಿನ ಸೀಲಿಗೆ ಚುಚ್ಚುವ ನೀರಿನ ಸೂಜಿಗೆ ಅಲ್ಲ. ಹೆಚ್ಚಿನ ಕೈಪಿಡಿಗಳು ಬೇಡ ಅನ್ನುತ್ತವೆ, ಇಲ್ಲವೇ ಒತ್ತಡಕ್ಕೆ ಮಿತಿ ಹಾಕಿರುತ್ತವೆ. ಆ ಮಿತಿ ಮೀರಿ ಹಾಳಾದರೆ ವಾರಂಟಿ ಕೇಳಲು ಬಾಯಿರುವುದಿಲ್ಲ. ಹುಡುಗನಿಗೆ ದುಡ್ಡು ಕೊಟ್ಟು ಕಳಿಸಿದೆ. ಅವನ ಮೇಲೆ ಸಿಟ್ಟು ಬರಲಿಲ್ಲ. ಸ್ಕ್ರಬ್ಬರ್ ಹಿಡಿದಿದ್ದ ನನಗೂ ಅವನಿಗೂ ವ್ಯತ್ಯಾಸ ಮೆಷೀನಿನದ್ದು ಮಾತ್ರ.

ಬೀಳುವ ವಿಷಯಕ್ಕೆ ಬಂದರೆ ನಾನು ತುಂಬಾ ಹೆದರುಪುಕ್ಕಲ, ಹೇಳಿಕೊಳ್ಳಲು ನಾಚಿಕೆಯಿಲ್ಲ. ನಮ್ಮ ಮುಂದಿನ ಸಾಲು ತಾರಸಿಯ ಅಂಚಿಗೆ ಹತ್ತಿರ, ಕಟ್ಟೆ ಮೊಣಕಾಲೆತ್ತರ ಅಷ್ಟೇ. ಒಂದು ಸಲ ಬಕೆಟ್ ಸರಿಸಲು ಹಿಂದಕ್ಕೆ ಹೆಜ್ಜೆ ಇಟ್ಟಾಗ ನೆಂದ ಪಾಚಿಯ ಮೇಲೆ ಕಾಲು ಜಾರಿ, ಕಟ್ಟೆಗೆ ಮೀನಖಂಡ ಬಡಿದು ನಿಂತೆ. ಕಟ್ಟೆ ಇಲ್ಲದಿದ್ದರೆ ಈ ಬರಹ ಇರುತ್ತಿರಲಿಲ್ಲ. ಆವತ್ತಿನಿಂದ ಮುಂದಿನ ಸಾಲಿಗೆ ಉದ್ದ ಕೋಲಿನ ಬ್ರಷ್, ಅಂಚಿನಿಂದ ದೂರ ನಿಂತೇ. ಅಂಚಿಗೆ ಹೋಗಲೇಬೇಕಾದರೆ ಸೊಂಟಕ್ಕೆ ಬೆಲ್ಟು ಹಗ್ಗ. ಆ ಹಗ್ಗವನ್ನು ಪ್ಯಾನೆಲ್ ಫ್ರೇಮಿಗಲ್ಲ, ಗಟ್ಟಿ ಕಂಬಕ್ಕೆ ಕಟ್ಟಬೇಕು. ಏಣಿ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯ ಲೆಕ್ಕದಲ್ಲಿ ಓರೆ, ಕೆಳಗೊಬ್ಬರು ಹಿಡಿದಿರಬೇಕು. ಗಾಳಿ ಇದ್ದರೆ ಹತ್ತುವುದಿಲ್ಲ. ಇಳಿಜಾರು ಹೆಂಚಿನ ಮಾಡಿನ ಮೇಲೆ ಪ್ಯಾನೆಲ್ ಇರುವವರು ನೆಲದ ಮೇಲೆ ನಿಂತು ಪೈಪಿನಲ್ಲಿ ನೀರು ಬಿಡುವಷ್ಟು ಮಾಡಿದರೆ ಸಾಕು. ಮಿಕ್ಕಿದ್ದಕ್ಕೆ ಹಗ್ಗ ಕಟ್ಟಿಕೊಂಡು ಕೆಲಸ ಮಾಡಲು ಕಲಿತವರೇ ಬರಲಿ.

ಇಷ್ಟೆಲ್ಲ ಪಾಡು ಪಟ್ಟು ಎಷ್ಟು ಸಿಗುತ್ತದೆ? ಇದನ್ನು ಕೇಳಲು ನನಗೆ ಎರಡು ವರ್ಷ ಬೇಕಾಯಿತು.

ತೊಳೆದ ಕೂಡಲೇ ಉತ್ಪಾದನೆ ತೋರಿಸುವ ಫೋನಿನ ಆಪ್ ತೆಗೆದು ನೋಡುತ್ತಿದ್ದೆ. ವಾಟ್ ಜಿಗಿದಿರುತ್ತಿತ್ತು, ನಾನೂ ಹಿಗ್ಗುತ್ತಿದ್ದೆ. ಆ ಜಿಗಿತದಲ್ಲಿ ಒಂದು ಪಾಲು ಸುಳ್ಳು ಅಂತ ಆಮೇಲೆ ತಿಳಿಯಿತು. ಪ್ಯಾನೆಲ್ ಒಂದು ಡಿಗ್ರಿ ಕಾದರೆ ಅದರ ಶಕ್ತಿ ನೂರಕ್ಕೆ 0.3ರಿಂದ 0.4 ಇಳಿಯುತ್ತದೆ. ಕಾದ ಪ್ಯಾನೆಲ್‌ಗೆ ನೀರು ಬಿದ್ದು ಇಪ್ಪತ್ತು ಡಿಗ್ರಿ ತಣ್ಣಗಾದರೆ ನೂರಕ್ಕೆ ಆರೇಳು ಹಾಗೇ ಏರುತ್ತದೆ. ಕೊಳೆ ಹೋಗಿದ್ದರೂ ಅಷ್ಟೇ, ಹೋಗದಿದ್ದರೂ ಅಷ್ಟೇ. ಅರ್ಧ ಗಂಟೆಯಲ್ಲಿ ಮತ್ತೆ ಕಾದು ಇಳಿಯುತ್ತದೆ. ನಾನು ಅಳೆಯುತ್ತಿದ್ದದ್ದು ತಂಪನ್ನು.

ಸರಿಯಾಗಿ ನೋಡಬೇಕು ಅಂತ ಒಂದು ಸಲ ಹಿಂದಿನ ಸಾಲನ್ನು ಮಾತ್ರ ತೊಳೆದು ಮುಂದಿನದನ್ನು ಹಾಗೇ ಬಿಟ್ಟೆ. ಎರಡೂ ಸಾಲು ಇನ್ವರ್ಟರ್‌ನಲ್ಲಿ ಬೇರೆ ಬೇರೆ ಕಾಣುತ್ತವೆ. ತೊಳೆಯುವ ಮೊದಲಿನ ಒಂದು ವಾರ, ತೊಳೆದ ಮೇಲಿನ ಒಂದು ವಾರ, ಎರಡೂ ಸಾಲಿನ ಲೆಕ್ಕ ಬರೆದಿಟ್ಟು ಹೋಲಿಸಿದೆ. ತೊಳೆದ ಸಾಲು ನೂರಕ್ಕೆ ಮೂರರ ಆಸುಪಾಸು ಮುಂದಿತ್ತು. ಬೇಸಿಗೆ ಪೂರ್ತಿ ಕೂತ ಧೂಳಿಗೆ ಅಷ್ಟು. ನಾನು ಇಪ್ಪತ್ತು ಮೂವತ್ತು ಅಂದುಕೊಂಡಿದ್ದೆ.

ಬೇರೆ ಕಡೆಯ ಲೆಕ್ಕಗಳೂ ಇದನ್ನೇ ಹೇಳುತ್ತವೆ, ಒಂದು ದೊಡ್ಡ ಆದರೆಯ ಜೊತೆ. 2009ರಲ್ಲಿ ಗೂಗಲ್ ಕ್ಯಾಲಿಫೋರ್ನಿಯಾದ ತನ್ನ ಮೌಂಟನ್ ವ್ಯೂ ಕಚೇರಿಯ ಪ್ಯಾನೆಲ್‌ಗಳ ಲೆಕ್ಕ ಹೊರಹಾಕಿತ್ತು. ಕಾರು ನಿಲ್ಲಿಸುವ ಚಪ್ಪರದ ಮೇಲೆ ಮಟ್ಟಸವಾಗಿ ಮಲಗಿಸಿದ ಪ್ಯಾನೆಲ್‌ಗಳನ್ನು 15 ತಿಂಗಳ ಮೇಲೆ ತೊಳೆದಾಗ ಉತ್ಪಾದನೆ ಎರಡು ಪಟ್ಟಾಯಿತು. ಚಾವಣಿಯ ಮೇಲೆ ಓರೆಯಾಗಿ ಕೂರಿಸಿದವನ್ನು ತೊಳೆದರೆ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ, ಮಳೆಯೇ ಆ ಕೆಲಸ ಮಾಡಿತ್ತು. ಆಮೇಲೆ 2013ರಲ್ಲಿ ಕ್ಯಾಲಿಫೋರ್ನಿಯಾದ 186 ಕಡೆಯ ಪ್ಯಾನೆಲ್‌ಗಳ ಮೇಲೆ ನಡೆದ ಅಧ್ಯಯನ ಬಂತು. 145 ದಿನ ಮಳೆ ಇಲ್ಲ, ತೊಳೆತ ಇಲ್ಲ, ಆದರೂ ಸರಾಸರಿ ನಷ್ಟ ನೂರಕ್ಕೆ 7.4 ಮಾತ್ರ. ಮರುಭೂಮಿಯ ಕಡೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ದಿನಕ್ಕೆ ನೂರಕ್ಕೆ ಒಂದರ ಹತ್ತಿರ ಹೋಗುವ ಜಾಗಗಳೂ ಇವೆ, ಅಲ್ಲಿನವರು ತೊಳೆಯಲೇಬೇಕು. ಜಗತ್ತಿನ ಪ್ಯಾನೆಲ್ ತೊಳೆಯಲು ವರ್ಷಕ್ಕೆ ಸಾವಿರ ಕೋಟಿ ಗ್ಯಾಲನ್ ನೀರು ಬೇಕಾಗುತ್ತದೆ, ಅದು 20 ಲಕ್ಷ ಜನರಿಗೆ ಕುಡಿಯಲು ಸಾಕು ಎಂಬ ಅಂದಾಜನ್ನು 2022ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಕೊಟ್ಟಿದ್ದರು. ನೀರಿಲ್ಲದೆ, ಸ್ಥಾಯಿ ವಿದ್ಯುತ್ತಿನಿಂದ ಧೂಳನ್ನು ಹಾರಿಸುವ ಪ್ರಯೋಗ ಅವರದು. ಮುಟ್ಟದೆ ಶುಚಿ ಮಾಡುವುದು ಅನ್ನುವುದೇ ನನಗೆ ಇಷ್ಟವಾಗಿದ್ದು.

ಮುಟ್ಟದೆ ಅಂದಾಗ ಮಂಗಳ ಗ್ರಹದ ಕತೆ ನೆನಪಾಗುತ್ತದೆ. 2018ರಲ್ಲಿ ಅಲ್ಲಿ ಇಳಿದ ನಾಸಾದ ಇನ್‌ಸೈಟ್ ನೌಕೆಯ ಪ್ಯಾನೆಲ್‌ಗಳಿಗೆ ಧೂಳು ಹಿಡಿದು ಉಸಿರು ಕಟ್ಟುತ್ತಿತ್ತು. 2021ರ ಮೇ ತಿಂಗಳಲ್ಲಿ ಅದರ ಯಂತ್ರದ ಕೈಯಿಂದ ಒಂದು ಸೌಟು ಮರಳೆತ್ತಿ, ಗಾಳಿ ಬೀಸುವಾಗ ಪ್ಯಾನೆಲ್ ಪಕ್ಕ ಸುರಿಸಿದರು. ದಪ್ಪ ಮರಳಿನ ಕಣಗಳು ಗಾಳಿಗೆ ಪ್ಯಾನೆಲ್ ಮೇಲೆ ಕುಪ್ಪಳಿಸುತ್ತಾ ಹೋಗುವಾಗ ಸಣ್ಣ ಧೂಳನ್ನು ಎಬ್ಬಿಸಿಕೊಂಡು ಹೋದವು. ಅಲ್ಲಿನ ದಿನವೊಂದಕ್ಕೆ ಸುಮಾರು 30 ವಾಟ್‌ಅವರ್ ಜಾಸ್ತಿ ಸಿಕ್ಕಿತು. ನೌಕೆ 2022ರ ಡಿಸೆಂಬರ್‌ವರೆಗೆ ಬದುಕಿತು. ಮರಳಿನಿಂದಲೇ ಧೂಳು ತೆಗೆದರು ನೋಡಿ. ಕೈ ಒತ್ತಲಿಲ್ಲ, ಅದಕ್ಕೇ ಆಯಿತು.

ನಮ್ಮ ಪ್ಯಾನೆಲ್‌ಗಳ ಓರೆ ಹದಿನೈದು ಡಿಗ್ರಿ, ಮಳೆ ಚೆನ್ನಾಗಿ ತೊಳೆಯುತ್ತದೆ. ಹತ್ತು ಡಿಗ್ರಿಗಿಂತ ಕಡಿಮೆ ಇದ್ದರೆ ನೀರು ಕೆಳಗಿನ ಫ್ರೇಮಿನ ತುಟಿಯಲ್ಲಿ ನಿಂತು, ಒಣಗಿ, ಅಲ್ಲೊಂದು ಕೆಸರಿನ ಪಟ್ಟಿ ಕಟ್ಟುತ್ತದೆ. ನಮ್ಮಲ್ಲೂ ಬೆರಳಗಲ ಕಟ್ಟುವುದುಂಟು. ಇಡೀ ಗಾಜು ಫಳಫಳ ಹೊಳೆಯುತ್ತಿದ್ದರೂ ಆ ಪಟ್ಟಿ ಕೆಳಗಿನ ಸಾಲಿನ ಸೆಲ್‌ಗಳನ್ನೇ ಮುಚ್ಚುತ್ತದೆ. ಮಳೆ ನಿಂತ ಮಾರನೇ ಬೆಳಿಗ್ಗೆ, ಕೆಸರು ಇನ್ನೂ ಮೆತ್ತಗಿರುವಾಗ, ಒದ್ದೆ ಸ್ಪಂಜಿನಲ್ಲಿ ಆ ಅಂಚನ್ನು ಮಾತ್ರ ಒಂದು ಸಲ ಎಳೆದರೆ ಮುಗಿಯಿತು. ಹನ್ನೆರಡು ಪ್ಯಾನೆಲ್‌ಗೆ ಕಾಲು ಗಂಟೆ ಹಿಡಿಯುವುದಿಲ್ಲ. ಇಡೀ ತೊಳೆತ ವರ್ಷಕ್ಕೆ ಎರಡು ಸಲ, ಮಳೆಯಿಲ್ಲದ ತಿಂಗಳುಗಳಲ್ಲಿ.

ಹೋದ ಸಲ ತೊಳೆಯುವಾಗ ಅಕ್ಕನ ಮಗ ಬಂದಿದ್ದ. ಕಾಲೇಜು ಹುಡುಗ, ತೋಳಲ್ಲಿ ಶಕ್ತಿ ಇದೆ, ಸಾಬೀತು ಮಾಡುವ ಹುಮ್ಮಸ್ಸೂ ಇದೆ. ಹಿಂದಿನ ಸಾಲಿಗೆ ಅವನನ್ನು ಬಿಟ್ಟೆ. ನೀರು ಬಿಟ್ಟು, ಪಟ್ಟಿ ಹಾಕಿ, ಕಾದು, ಎಲ್ಲ ಹೇಳಿದ ಹಾಗೇ ಮಾಡಿದ. ಕೊನೆಯ ಪ್ಯಾನೆಲ್‌ಗೆ ಬಂದಾಗ ಬಿಸಿಲು ಆಗಷ್ಟೇ ಅಡ್ಡಡ್ಡ ಬೀಳಲು ಶುರುವಾಗಿತ್ತು.

"ಮಾವ, ಇಲ್ಲಿ ಗೀರಿದೆ. ಯಾರು ಮಾಡಿದ್ದು?"

"ಹಳೇದು."

ಅವನು ಇನ್ನಷ್ಟು ಬಗ್ಗಿ ನೋಡಿದ. ಗೀರಿನ ಪಕ್ಕದಲ್ಲಿ ಬೆರಳುಗುರಿನಷ್ಟು ಒಂದು ಬೂದು ಮಚ್ಚೆ, ಕಲ್ಲುಹೂವು ಹಿಡಿದದ್ದು. ಎರಡು ಸಲ ಪಟ್ಟಿ ಹಾಕಿದರೂ ಬಿಟ್ಟಿರಲಿಲ್ಲ. ಸ್ಪಂಜಿನ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಅದರ ಮೇಲೆ ತಿಕ್ಕಲು ಶುರು ಮಾಡಿದ. ಕಿರ್ ಕಿರ್ ಅಂತ ಸದ್ದು ಬಂತು.

"ಒತ್ತಬೇಡ್ವೋ."

"ಒಂಚೂರು ಉಳಿದಿದೆ ಮಾವ, ಎರಡು ನಿಮಿಷ."

"ಇರಲಿ ಬಿಡು. ಬಿಸಿಲು ಬಂತು, ನೀರೆಳೆದು ಇಳಿಯೋಣ."

ಅವನಿಗೆ ಮನಸ್ಸಿರಲಿಲ್ಲ. ವೈಪರ್ ತಗೊಂಡು ಮೇಲಿಂದ ಎಳೆದ. ನೀರು ಮಚ್ಚೆಯ ಮೇಲಿಂದ, ಗೀರುಗಳ ಮೇಲಿಂದ ಇಳಿದು ಫ್ರೇಮಿನಾಚೆ ಬಿತ್ತು. ಏಣಿ ಇಳಿಯುವ ಮೊದಲು ತಿರುಗಿ ಇನ್ನೊಂದು ಸಲ ಆ ಮಚ್ಚೆಯನ್ನೇ ನೋಡುತ್ತಿದ್ದ.